ಪಾರ್ಟ್ ಟೈಮ್ ಮಗನ ಕಡೆಯಿಂದ, ಎಲ್ಲರಿಗೂ

ಕಳೆದ ಸೋಮವಾರ ಅಪ್ಪ ವಾಕರ್ ಬಿಟ್ಟು, ಕೋಲು ಹಿಡಿದು, ಮನೆಯಿಂದ ಅಂಗಡಿಗೆ ತಾವೇ ನಡೆದು ಹೋದರು. ಗಲ್ಲಾದ ಮುಂದೆ ಕೂತವರೇ ಉದ್ರಿ ಪುಸ್ತಕ ತೆಗೆದು, ಈ ಹನ್ನೊಂದು ತಿಂಗಳಲ್ಲಿ ನಾವಿಬ್ಬರು ಮಕ್ಕಳು ಯಾರ್ಯಾರಿಗೆ ಎಷ್ಟೆಷ್ಟು ಕೊಟ್ಟು ಕೂತಿದ್ದೇವೆ ಎಂದು ಲೆಕ್ಕ ತೆಗೆದು ಬೈಯಲು ಶುರುಮಾಡಿದರು. ಅಲ್ಲಿಗೆ ಅಪ್ಪ ಆರಾಮಾದರು ಅಂತ ನಮಗೆ ಖಾತ್ರಿಯಾಯಿತು. ಫೋನಿನಲ್ಲಿ, ಮೆಸೇಜಿನಲ್ಲಿ ವಿಚಾರಿಸುತ್ತಿದ್ದವರಿಗೆಲ್ಲ ಇದೇ ಸುದ್ದಿ.

ಜನವರಿಯಲ್ಲಿ ಸ್ಟೂಲ್ ಹತ್ತಿ ಬೆಲ್ಲದ ಪೆಂಟಿ ಇಳಿಸಲು ಹೋಗಿ ಬಿದ್ದರು. ಸೊಂಟದ ಹತ್ತಿರ ಮೂಳೆ ಮುರಿಯಿತು, ಆಪರೇಷನ್ ಆಯಿತು, ರಾಡ್ ಹಾಕಿದರು. ಅವತ್ತು ನಾನು ಬೆಂಗಳೂರಿನಲ್ಲಿ ಮೀಟಿಂಗಿನಲ್ಲಿದ್ದೆ. ರಾಯಚೂರಿನಲ್ಲಿ ಅವರನ್ನು ಎತ್ತಿ ಆಟೋದಲ್ಲಿ ಮಲಗಿಸಿದವರು ಎದುರಿನ ಗೋದಾಮಿನ ಹಮಾಲರು. ಅವರಿಗೆ ನನ್ನ ಮೊದಲ ನಮಸ್ಕಾರ. ಆಸ್ಪತ್ರೆಯಲ್ಲಿದ್ದಷ್ಟು ದಿನ ಬೆಳಿಗ್ಗೆ ಒಗ್ಗರಣಿ, ಮಿರ್ಚಿ ಕಟ್ಟಿ ಕಳಿಸಿ, ದುಡ್ಡು ಕೊಡಲು ಹೋದರೆ ಸಿಟ್ಟಾಗುತ್ತಿದ್ದ ಪಕ್ಕದ ಹೋಟೆಲಿನ ಕಾಕಾನಿಗೆ, "ಅಜ್ಜಾರ, ಇನ್ನೂ ಐದ ಸಲ ಕಾಲ ಎತ್ರಿ" ಎಂದು ಬೆನ್ನು ಬಿಡದೆ ವ್ಯಾಯಾಮ ಮಾಡಿಸಿದ ಫಿಜಿಯೋಥೆರಪಿ ಹುಡುಗಿಗೆ, ಸೋಮವಾರ ಊರಿಂದಲೇ ಕೆಲಸ ಮಾಡು ಎಂದು ಬಿಟ್ಟುಕೊಟ್ಟ ನನ್ನ ಟೀಮಿನವರಿಗೆ, ಒಂದು ಸಲವೂ "ಯಾವಾಗ ಬರ್ತಿ" ಎಂದು ಕೇಳದೆ ನನ್ನ ಹೊಟ್ಟೆ ಉರಿಸಿದ ಅವ್ವನಿಗೆ.

ಇನ್ನು ತಮ್ಮ. ಅವನಿಗೆ ಥ್ಯಾಂಕ್ಸ್ ಹೇಳಬೇಕೆಂದರೆ ಅಮೆರಿಕದ ಟಿವಿ ಕುಸ್ತಿಪಟು ಜಾನ್ ಸೀನಾನನ್ನು ನಡುವೆ ತರಲೇಬೇಕು. ನಗಬೇಡಿ.

ನಾವು ಸಣ್ಣವರಿದ್ದಾಗ ನಮ್ಮ ಅಂಗಡಿಯಲ್ಲೇ ಆ ಟಿವಿ ಕುಸ್ತಿಯ, ಅಂದರೆ ಡಬ್ಲ್ಯೂಡಬ್ಲ್ಯೂಇಯ, ಟ್ರಂಪ್ ಕಾರ್ಡ್ ಮಾರುತ್ತಿದ್ದೆವು. ಒಂದು ಪ್ಯಾಕ್ ಒಡೆದು ನಾವೇ ಇಟ್ಟುಕೊಂಡಿದ್ದೆವು, ಅಪ್ಪನಿಗೆ ಗೊತ್ತಿಲ್ಲದಂತೆ. ಆಟದಲ್ಲಿ ಕಾರ್ಡಿನ ಮೇಲಿನ ತೂಕ ಹೋಲಿಸಿದರೆ ದೈತ್ಯ ಬಿಗ್ ಶೋ ಮುಂದೆ ಸೀನಾ ಏನೂ ಅಲ್ಲ. ಆದರೂ ತಮ್ಮ ಸೀನಾನ ಕಾರ್ಡ್ ಬಿಟ್ಟುಕೊಡುತ್ತಿರಲಿಲ್ಲ. ಸೋಲುವ ಹೊತ್ತಿಗೆ ಅದನ್ನು ಚಡ್ಡಿ ಜೇಬಿಗೆ ಸೇರಿಸಿಬಿಡುತ್ತಿದ್ದ. 2004ರಲ್ಲಿ ಸಿನಿಮಾ ಅಂತ ಹೋದ ಇನ್ನೊಬ್ಬ ಕುಸ್ತಿಪಟು ರಾಕ್ 2011ರಲ್ಲಿ ವಾಪಸ್ ಬಂದಾಗ, ನಾವೆಲ್ಲ ದಿನಾ ಇಲ್ಲಿ ಬೆವರು ಸುರಿಸುವಾಗ ನೀನೆಲ್ಲಿದ್ದೆ ಎಂಬ ಧಾಟಿಯಲ್ಲಿ ಸೀನಾ ಅವನನ್ನು ಝಾಡಿಸಿದ್ದ. 2012ರ ಏಪ್ರಿಲ್ 1ರಂದು ಮಯಾಮಿಯಲ್ಲಿ ಸೀನಾನ ವಿರುದ್ಧ ರಾಕ್ ಗೆದ್ದಾಗ ತಮ್ಮ ಊಟ ಬಿಟ್ಟ. ಅದೇ ವರ್ಷ ನಾನು ಬ್ಯಾಗ್ ಹೊತ್ತು ಬೆಂಗಳೂರಿಗೆ ಹೊರಟೆ.

ಮುಂದೆ ಸೀನಾನೂ ಹಾಲಿವುಡ್ ಸೇರಿದ, ವರ್ಷಕ್ಕೆ ನಾಲ್ಕು ಸಲ ಮುಖ ತೋರಿಸುವವನಾದ. ರಾಕ್‌ಗೆ ಹಾಗೆ ಅಂದದ್ದು ತನ್ನ ತಪ್ಪು ಎಂದು ಅವನೇ ಒಪ್ಪಿಕೊಂಡ. ತಮ್ಮ ಅವನನ್ನು ಆಗಲೇ ಮಾಫ್ ಮಾಡಿದ. ನನ್ನನ್ನಲ್ಲ. ದೀಪಾವಳಿಗೆ ನಾನು ಬಂದರೆ ಅಂಗಡಿಗೆ ಬಂದ ಗಿರಾಕಿಗಳ ಮುಂದೆಯೇ, "ಬಂದ ನೋಡ್ರಿ ನಮ್ಮನಿ ಪಾರ್ಟ್ ಟೈಮರ್. ಯು ಕಾಂಟ್ ಸೀ ಮಿ ಅಂತ ಸೀನಾ ಬಾಯಿಲೆ ಅಂತಾನ, ಇಂವ ಖರೇನ ಕಾಣಂಗಿಲ್ಲ" ಎನ್ನುತ್ತಿದ್ದ.

2023ರ ಸೆಪ್ಟೆಂಬರ್ 8ರಂದು ಸೀನಾ ಹೈದರಾಬಾದಿಗೆ ಬಂದ. ಭಾರತದಲ್ಲಿ ಅವನ ಮೊದಲ ಪಂದ್ಯ. ನಾನು ಬೆಂಗಳೂರಿನಿಂದ, ತಮ್ಮ ರಾಯಚೂರಿನಿಂದ ಹೋಗಿ ಗಚ್ಚಿಬೌಲಿ ಸ್ಟೇಡಿಯಮ್ಮಿನ ಗೇಟಿನಲ್ಲಿ ಕೂಡಿದೆವು. ಅಮೆರಿಕದಲ್ಲಿ ಆಗ ನಟರ ಮುಷ್ಕರ, ಶೂಟಿಂಗ್ ನಿಂತಿತ್ತು, ಅದಕ್ಕೇ ಅವನಿಗೆ ರಿಂಗಿಗೆ ಬರಲು ಬಿಡುವು. ಜೋಡಿ ಪಂದ್ಯದಲ್ಲಿ ಕುಸ್ತಿಪಟು ಸೇಥ್ ರಾಲಿನ್ಸ್ ಜೊತೆ ಸೇರಿ ಗೆದ್ದ. ಗಂಟಲು ಹರಿಯುವಷ್ಟು ಕೂಗಿ ಹೊರಗೆ ಬಂದು ಚಹಾ ಕುಡಿಯುವಾಗ ತಮ್ಮ ಹೇಳಿದ: "ಹಾಲಿವುಡ್ ಬಂದ್ ಆದ್ರ ಅಂವ ಬರ್ತಾನ. ಬೆಂಗಳೂರು ಬಂದ್ ಆದ್ರ ನೀ ಬರ್ತಿ."

ಮಾತು ಸುಳ್ಳಲ್ಲ. 2020ರ ಲಾಕ್‌ಡೌನಿನಲ್ಲಿ ಬಿಟ್ಟರೆ ನಾನು ಮನೆಯಲ್ಲಿ ಒಂದು ವಾರ ಗಟ್ಟಿಯಾಗಿ ಉಳಿದದ್ದಿಲ್ಲ.

ಅಪ್ಪ ಬಿದ್ದ ಮೇಲೂ ನಾನು "ನೋಡ್ತೀನಿ, ಬರ್ತೀನಿ" ಅಂತಲೇ ನಡೆಸಿದೆ. ಫೆಬ್ರವರಿಯಲ್ಲಿ ತಮ್ಮ ರೇಗಿದ. ಸೀನಾ 2025 ತನ್ನ ಕೊನೆಯ ವರ್ಷ ಎಂದು ಹಿಂದಿನ ಜುಲೈಯಲ್ಲೇ ಹೇಳಿದ್ದ. 36 ದಿನ ಬರುವುದೆಂದು ಲೆಕ್ಕವೂ ಆಗಿತ್ತು. "ಅಂವ ಎಷ್ಟ ದಿನ ಬರ್ತಾನ ಅಂತ ಜಗತ್ತಿಗೇ ಗೊತ್ತದ. ನೀ ಎಷ್ಟ ದಿನ ಬರ್ತಿ ಅಂತ ನಮ್ಮಪ್ಪಗ ಗೊತ್ತಿಲ್ಲ" ಅಂದ. ಅಂಗಡಿಯ ಗೋಡೆಯ ಕ್ಯಾಲೆಂಡರ್ ಇಳಿಸಿ, ಕೆಂಪು ಪೆನ್ನು ಕೊಟ್ಟು, ಎದುರಿಗೇ ನಿಂತ. ಹದಿನೈದು ದಿನಕ್ಕೊಂದು ಶನಿವಾರಕ್ಕೆ ಸುತ್ತು ಹಾಕಿದೆ. ಶುಕ್ರವಾರ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ಜಾವ ರಾಯಚೂರು. ಎರಡು ಸುತ್ತು ತಪ್ಪಿದವು, ಅವನ್ನೂ ಅಪ್ಪ ಉದ್ರಿ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.

ಇವನ್ನೆಲ್ಲ ಬರೆದರೂ ತಮ್ಮನ ಪಾಲಿನದು ಬರೆದ ಹಾಗಾಗುವುದಿಲ್ಲ. ನಾನು ಬಾರದ ದಿನಗಳಲ್ಲಿ ಅಪ್ಪನನ್ನು ಬಚ್ಚಲಿಗೆ ಎತ್ತಿಕೊಂಡು ಹೋದವನು ಅವನು. ಅಂಗಡಿ ಒಂದು ದಿನ ಮುಚ್ಚಿಲ್ಲ. ತನ್ನ ಮದುವೆಯ ಮಾತುಕತೆಯನ್ನೇ ಮುಂದಕ್ಕೆ ಹಾಕಿಸಿದ, ನನಗೆ ಅದನ್ನೂ ಹೇಳಿರಲಿಲ್ಲ. ಅವ್ವನಿಂದ ಗೊತ್ತಾಯಿತು.

ಡಿಸೆಂಬರ್ 14ರ ಭಾನುವಾರ ಬೆಳಿಗ್ಗೆ, ಅರ್ಧ ಶಟರ್ ಎತ್ತಿ, ಅಕ್ಕಿ ಚೀಲದ ಮೇಲೆ ಕೂತು ಸೀನಾನ ಕೊನೆಯ ಪಂದ್ಯವನ್ನು ಇಬ್ಬರೂ ಮೊಬೈಲಿನಲ್ಲಿ ನೋಡಿದೆವು. ವಾಷಿಂಗ್ಟನ್‌ನಲ್ಲಿ ಎದುರಾಳಿ ಗುಂಥರ್ ಹಾಕಿದ ಪಟ್ಟು ಬಿಡಿಸಿಕೊಳ್ಳಲಾಗದೆ ಸೀನಾ ಕೈ ತಟ್ಟಿ ಸೋತ. ಅಲ್ಲಿನ ಜನ ಹೋ ಎಂದು ಬೊಬ್ಬೆ ಹಾಕುತ್ತಿದ್ದರು. ತಮ್ಮ ಮಾತಾಡಲಿಲ್ಲ. ಬೂಟು ಬಿಚ್ಚಿ ರಿಂಗಿನಲ್ಲಿಟ್ಟು ಅವನು ಹೊರಟಾಗ ತಮ್ಮ ಎದ್ದು ಹೋಗಿ ತಕ್ಕಡಿ ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ.

ಹೊಸ ವರ್ಷದ ಕ್ಯಾಲೆಂಡರ್ ಬಂದಿದೆ. ಜನವರಿಗೆ ನಾನು ಎರಡು ಸುತ್ತು ಹಾಕಿದ್ದೆ. ನಿನ್ನೆ ನೋಡಿದರೆ ಮೂರನೆಯದೂ ಇದೆ, ಅಪ್ಪನ ನೀಲಿ ಪೆನ್ನಿನಲ್ಲಿ. ಪಕ್ಕದಲ್ಲಿ ಸಣ್ಣ ಅಕ್ಷರ: ಹಳೇ ಬಾಕಿ.