ಈ ವಾರ ಕೇಳಿದ ಆಲ್ಬಮ್‌ಗಳು

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಬಂದ ಮೂರು ಆಲ್ಬಮ್‌ಗಳನ್ನೂ ಕೇಳಿದೆ. ಎರಡು ಚೆನ್ನಾಗಿವೆ, ಆದರೆ ಗಿಟಾರಿನದ್ದು ಮಾತ್ರ ತಲೆಯಿಂದ ಹೋಗುತ್ತಲೇ ಇಲ್ಲ. ಮನೆಯಲ್ಲೇ ರೆಕಾರ್ಡ್ ಮಾಡಿದ್ದು, ಅಲ್ವಾ? ತಂತಿಯ ಮೇಲೆ ಬೆರಳು ಜಾರುವ ಸದ್ದು, ಹಾಡುವ ಮೊದಲು ಉಸಿರು ಎಳೆದುಕೊಳ್ಳುವುದು ಕೂಡ ಕೇಳಿಸುತ್ತದೆ. ಉಡುಪಿಯಿಂದ ಮಂಗಳೂರಿಗೆ ಬರುವ ಬಸ್ಸಿನಲ್ಲಿ, ಹೊರಗೆ ಜೋರು ಮಳೆ, ಇಯರ್‌ಫೋನ್ ಹಾಕಿ ಕೂತವನಿಗೆ ಪಡುಬಿದ್ರಿ ದಾಟಿದ್ದೇ ಗೊತ್ತಾಗಲಿಲ್ಲ. ಕೊನೆಯ ಹಾಡಿಗೆ ಡ್ರಮ್ಸ್ ಬೇಡವಾಗಿತ್ತು, ದನಿ ಮುಚ್ಚಿಹೋಗಿದೆ.

ಒಂದು ವಿನಂತಿ. ಫೈಲ್ ಹಾಕಬೇಡಿ, ಲಿಂಕ್ ಹಾಕಿ. ಹಾಡುಗಾರರು ತಮ್ಮ ಹಾಡುಗಳನ್ನು ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಆಲ್ಬಮ್ ಕೊಂಡರೆ ತಾಣದವರು ಸಾಮಾನ್ಯವಾಗಿ 15% ಇಟ್ಟುಕೊಳ್ಳುತ್ತಾರೆ, ಪಾವತಿ ಶುಲ್ಕ ಕಳೆದು ಉಳಿದದ್ದು ಹಾಡಿದವರಿಗೆ. 2020ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೇ ಎಂಬ ಕೆಲವು ಆಯ್ದ ಶುಕ್ರವಾರಗಳಂದು ಆ ಪಾಲನ್ನೂ ಬಿಟ್ಟುಕೊಡುತ್ತಾರೆ. ಗಿಟಾರಿನ ಆಲ್ಬಮ್ ನಾನು ಕೊಂಡೆ. ನೀವೂ ಕೇಳಿ, ಯಾವ ಹಾಡು ಹಿಡಿಸಿತು ಅಂತ ಬರೆಯಿರಿ.