ಭಾನುವಾರದ ಕೋಲ್ನ್ ಲಾಂಛನ ಚಿತ್ರ: ತಂದೆತಾಯಿಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ,

ಈ ಭಾನುವಾರ ಬೆಳಿಗ್ಗೆ 10:30ಕ್ಕೆ ಮಕ್ಕಳು ನಮ್ಮೂರು, ಜರ್ಮನಿಯ ಕೋಲ್ನ್‌ನ ಲಾಂಛನ ಬರೆಯುತ್ತಾರೆ. 7 ವರ್ಷ ಮೇಲ್ಪಟ್ಟವರೆಲ್ಲ ಬರಬಹುದು. ಅದರ ಅರ್ಥವನ್ನು ಮನೆಯಲ್ಲೇ ಹೇಳಿ ಕರೆತನ್ನಿ, ದಯವಿಟ್ಟು.

ಮೇಲ್ಭಾಗ ಕೆಂಪು, ಅದರಲ್ಲಿ ಚಿನ್ನದ ಮೂರು ಕಿರೀಟ. ಇವು ಶಿಶು ಯೇಸುವನ್ನು ಕಾಣಲು ಬಂದ ಮೂವರು ಜ್ಞಾನಿಗಳವು. ಅವರದೆಂದು ನಂಬುವ ಅಸ್ಥಿಗಳನ್ನು 1164ರಲ್ಲಿ ಆರ್ಚ್‌ಬಿಷಪ್ ರೈನಾಲ್ಡ್ ಮಿಲಾನ್‌ನಿಂದ ತಂದರು. ನಮ್ಮೂರ ದೊಡ್ಡ ಚರ್ಚ್ ಡೋಮ್‌ನ ಮುಖ್ಯ ಬಲಿಪೀಠದ ಹಿಂದಿರುವ ಚಿನ್ನದ ಪೆಟ್ಟಿಗೆ ಅವುಗಳದ್ದೇ.

ಕೆಳಗಿನ ಬಿಳಿಯಲ್ಲಿ ಹನ್ನೊಂದು ಕಪ್ಪು ಗುರುತುಗಳಿವೆ. ಸಂತ ಉರ್ಸುಲಾ ಮತ್ತು ಜೊತೆಗೆ ಹತರಾದ ಕನ್ಯೆಯರ ನೆನಪು ಇವು. ಕಥೆ ಬೆಳೆದಂತೆ ಹನ್ನೊಂದು, ಹನ್ನೊಂದು ಸಾವಿರವಾಯಿತು. ಈ ಗುರುತುಗಳನ್ನು ಜನ ಕಣ್ಣೀರು, ಬೆಂಕಿ ನಾಲಿಗೆ ಎನ್ನುವುದುಂಟು. ಆಕಾರ ಬಂದದ್ದು ಮಾತ್ರ ಫ್ರಾನ್ಸ್‌ನ ಬ್ರಿಟನಿ ಪ್ರಾಂತ್ಯದ ಲಾಂಛನದ ಎರ್ಮಿನ್ ಬಾಲದಿಂದ ಎನ್ನುತ್ತಾರೆ: ಚಳಿಗಾಲದಲ್ಲಿ ಬೆಳ್ಳಗಾಗುವ ಆ ಪುಟ್ಟ ಪ್ರಾಣಿಯ ಬಾಲದ ತುದಿಯಷ್ಟೇ ಕಪ್ಪು. ಉರ್ಸುಲಾ ಬ್ರಿಟನಿಯ ರಾಜಕುಮಾರಿ ಎಂಬ ಐತಿಹ್ಯವಿದೆ. ನನಗಂತೂ ಇಡೀ ಲಾಂಛನದಲ್ಲಿ ಅತಿ ಚೆಂದದ ಭಾಗ ಇದೇ.

ತರಬೇಕಾದ್ದು: ಎ3 ದಪ್ಪ ಬಿಳಿ ಹಾಳೆ 2, ಕೆಂಪು, ಹಳದಿ, ಕಪ್ಪು ಪೋಸ್ಟರ್ ಬಣ್ಣ, ಸಣ್ಣ ಕುಂಚ.

ಕಿರೀಟದ ಜಾಗ ಬಿಟ್ಟು ಕೆಂಪು ಹಚ್ಚಿಸಿ, ಒಣಗಿದ ಮೇಲೆ ಹಳದಿ. ಹಸಿ ಇದ್ದರೆ ಕಿತ್ತಳೆಯಾಗುತ್ತದೆ. ಬಿಳಿ ಹಚ್ಚುವುದೇ ಬೇಡ, ಹಾಳೆಯೇ ಸಾಕು. ಗುರುತುಗಳನ್ನು ಮೊದಲು ಪೆನ್ಸಿಲ್‌ನಲ್ಲಿ ಹಾಕಿ ಎಣಿಸಿ: ಹತ್ತೋ ಹನ್ನೆರಡೋ ಆಗುವುದೇ ಹೆಚ್ಚು.

ಎಷ್ಟು ಮಕ್ಕಳು ಎಂದು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.