ಸೌತೆಕಾಯಿ ಮತ್ತು 430 ಕಿಲೋಮೀಟರ್

ಪ್ರೀತಿಯ ಗಿರ್ಮಿಟ್,

ನೀನು ಫೋನ್ ಎತ್ತಲ್ಲ, ಮೆಸೇಜ್ ನೋಡಲ್ಲ. ಇಲ್ಲಿ ಬರೆದರೆ ಮಾತ್ರ ಹತ್ತು ನಿಮಿಷದಲ್ಲಿ ಓದಿ ಕಾಗುಣಿತದ ತಪ್ಪು ಹುಡುಕುತ್ತೀಯ. ಅದಕ್ಕೇ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ. ಉಳಿದವರು ಓದಿದರೂ ಸರಿ, ಬಿಟ್ಟರೂ ಸರಿ.

ಮೊದಲು ಸುದ್ದಿ. ನನ್ನ ಮೂರು ತಿಂಗಳ ಸರಾಸರಿ ಸಕ್ಕರೆ, ಅದೇ HbA1c, 6.1 ಬಂದಿದೆ. 5.7ರಿಂದ 6.4ರ ತನಕ ಹೊಸ್ತಿಲ ಮೇಲೆ ನಿಂತ ಹಾಗೆ, 6.5 ಆದರೆ ಸಕ್ಕರೆ ಕಾಯಿಲೆಯ ಮನೆಯೊಳಗೆ. ಡಾಕ್ಟರು ನನ್ನ ಹೊಟ್ಟೆ ಕಡೆ ನೋಡಿ "ಹೊರಗೆ ತಿನ್ನೋದು ಜಾಸ್ತಿನಾ?" ಅಂತ ಕೇಳಿದರು. ಇಲ್ಲ ಸಾರ್ ಎಂದೆ. ನೀನಿದ್ದಿದ್ದರೆ ಅಲ್ಲೇ ಬಿದ್ದು ನಗುತ್ತಿದ್ದೆ. ಮೂರನೇ ಪ್ಲೇಟಿನ ವಿಷಯ ಇಲ್ಲಿ ಎತ್ತಬೇಡ, ನನ್ನ ಹೆಂಡತಿಯೂ ಓದುತ್ತಾಳೆ.

ಅದೇ ವಾರ ಅಪ್ಪನನ್ನು ಧಾರವಾಡಕ್ಕೆ ಬಿಟ್ಟು ಬರುವುದಿತ್ತು. ಕಣ್ಣಿನ ಪೊರೆ ತೆಗೆಸೋಕೆ ಬಂದವನು ಮೂರು ವಾರ ನಮ್ಮಲ್ಲಿದ್ದ. ಬೆಂಗಳೂರಿನಿಂದ ಹೆಚ್ಚುಕಡಿಮೆ 430 ಕಿಲೋಮೀಟರ್. ಆ ದಾರಿ ಎಂಥದು ಅಂತ ನಿನಗೆ ಹೇಳಬೇಕಾ? ತುಮಕೂರು ಮುಟ್ಟುವ ಮೊದಲೇ ಕ್ಯಾತಸಂದ್ರದ ತಟ್ಟೆ ಇಡ್ಲಿ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ. ಹುಬ್ಬಳ್ಳಿಯಲ್ಲಿ ಮಿರ್ಚಿ. ಕೊನೆಗೆ ಪೇಡಾ. ಸರ್ಕಾರ ಅದಕ್ಕೆ ರಾಷ್ಟ್ರೀಯ ಹೆದ್ದಾರಿ 48 ಅಂತ ಹೆಸರಿಟ್ಟಿದೆ. ನನ್ನ ಪಾಲಿಗೆ ಅದು ಉದ್ದನೆಯ ಮೆನು ಕಾರ್ಡು.

ಈ ಸಲ ಎಲ್ಲೂ ಇಳಿಯಬಾರದು, ತಿನ್ನೋದೆಲ್ಲ ಮನೆಯಿಂದಲೇ ಅಂತ ತೀರ್ಮಾನ ಮಾಡಿದೆ. ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ತಕ್ಕಡಿ ಇಟ್ಟುಕೊಂಡು ಕೂತೆ. ನಗಬೇಡ. ಒಂದು ಹಿಡಿ ಶೇಂಗಾ, 30 ಗ್ರಾಂ, ಅಷ್ಟಕ್ಕೇ ಸುಮಾರು 170 ಕ್ಯಾಲೊರಿ. ಸೌತೆಕಾಯಿ 300 ಗ್ರಾಂ ತಿಂದರೂ 45ರ ಆಸುಪಾಸು. ಚುರಮುರಿ ತೂಕದ ಲೆಕ್ಕದಲ್ಲಿ ಅಕ್ಕಿಗೇನೂ ಕಡಿಮೆ ಇಲ್ಲ, ಆದರೆ ಒಂದು ಬಟ್ಟಲು ತೂಗಿದರೆ 15 ಗ್ರಾಂ. ಉಳಿದದ್ದು ಗಾಳಿ. ಗಾಡಿ ಓಡಿಸುವಾಗ ಕೈ ಡಬ್ಬಿಗೆ ಹೋಗೋದು ಹಸಿವಿಗಲ್ಲ, ಬೇಜಾರಿಗೆ. ಬೇಜಾರಿಗೆ ಗಾಳಿ ಸಾಕು. ಅದೂ ಅಲ್ಲದೆ ಏಳು ಗಂಟೆ ನಾನು ಕೂತಿರುತ್ತೇನೆ, ಓಡೋದು ಕಾರು. ಅದಕ್ಕೆ ಬೇಕಾದ್ದು ಪೆಟ್ರೋಲು.

ಚುರಮುರಿಗೆ ಒಂದು ಚಮಚ ಎಣ್ಣೆಯಲ್ಲಿ ಅರಿಶಿನ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ. ನಾಲ್ಕು ಬೇಯಿಸಿದ ಮೊಟ್ಟೆ, ಸಿಪ್ಪೆ ಸಮೇತ. ಫ್ಲಾಸ್ಕಿನಲ್ಲಿ ನೀರು ಮಜ್ಜಿಗೆ. ಮೊಳಕೆ ಹೆಸರುಕಾಳನ್ನು ಹಬೆಯಲ್ಲಿ ಬೇಯಿಸಿದ್ದೆ. ಸೌತೆಕಾಯಿ, ಗಜ್ಜರಿ ಉದ್ದುದ್ದ ಹೆಚ್ಚಿ ಉಪ್ಪು ಬೇರೆ ಪೊಟ್ಟಣದಲ್ಲಿ ಕಟ್ಟಿದ್ದೆ. ಮೊದಲೇ ಉಪ್ಪು ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಂಡು ಶಿರಾ ಊರು ಬರೋದರೊಳಗೆ ಮೆತ್ತಗಾಗುತ್ತದೆ. ಇದು ನನ್ನ ಜಾಣತನ ಅಲ್ಲ, ಅವ್ವನದು. ಫ್ರೀಜರಿನಲ್ಲಿ ಎರಡು ಬಾಟಲಿ ನೀರು ಗಟ್ಟಿ ಮಾಡಿ ಚೀಲದ ತಳಕ್ಕೆ ಹಾಕಿದ್ದೆ. ಹೆಸರುಕಾಳಿನ ಡಬ್ಬಿಯೂ ಆ ಚೀಲಕ್ಕೇ ಹೋಗಬೇಕಿತ್ತು. ಜಾಗ ಸಾಲದೆ ಹಿಂದಿನ ಗಾಜಿನ ಕೆಳಗಿಟ್ಟೆ. ಬೇಸಿಗೆಯ ಬಿಸಿಲು. ಬೇಯಿಸಿದ್ದನ್ನು ಅಂಥ ಸೆಕೆಯಲ್ಲಿ ಒಂದು ಗಂಟೆ ಮೀರಿ ಇಡಬಾರದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಬಂತು? ಹಿರಿಯೂರಿನ ಹತ್ತಿರ ಅಪ್ಪ ಕಿಟಕಿ ಇಳಿಸಿದ. ಏನೂ ಹೇಳಲಿಲ್ಲ, ಮೂಗಿಗೆ ಟವೆಲ್ ಹಿಡಿದ ಅಷ್ಟೇ.

ಅಪ್ಪನಿಗೆ 76. ಸಕ್ಕರೆ ಇಲ್ಲ, ಬಿಪಿ ಇಲ್ಲ, ಹೊಟ್ಟೆ ಇಲ್ಲ. ಡಬ್ಬಿ ತೆರೆದು ನೋಡಿ "ಏನ್ ತಮ್ಮಾ, ಮೊಲಾ ಸಾಕೀಯೇನು?" ಎಂದ. ಚಿತ್ರದುರ್ಗದ ಗಾಳಿ ಗಿರಣಿಗಳನ್ನು ಹೊಸ ಕಣ್ಣಿನಲ್ಲಿ ಒಂದೊಂದಾಗಿ ಎಣಿಸಿದ. ದಾವಣಗೆರೆ ಬೋರ್ಡು ಕಂಡಾಗ ನೆಟ್ಟಗೆ ಕೂತ.

"ಬೆಣ್ಣಿ ದೋಸಿ ತಿಂದು ಹೋಗೂಣೇನು?"

"ಬುತ್ತಿ ಐತಲ್ಲಪ್ಪಾ. ಊರೊಳಗ ಇಳದ್ರ ತಾಸು ಹೋಗತೈತಿ."

"ಆತು ಬಿಡು."

ಒಂದು ಸೌತೆಕಾಯಿ ತುಂಡು ತಗೊಂಡು ತುಂಬ ಹೊತ್ತು ಅಗಿದ. ಗಿರ್ಮಿಟ್, ಆ ಕರುಂ ಕರುಂ ಸದ್ದು ಹರಿಹರದ ತನಕ ಕೇಳಿದೆ.

ತುಂಗಭದ್ರೆ ದಾಟಿದ ಮೇಲೆ "ಗಾಡಿ ನಿಂದ್ರಸು, ಕಾಲು ಜೋಮು ಹಿಡದಾವು" ಎಂದ. ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಇಳಿದವನು ತನ್ನ ಚೀಲದಿಂದ ಹಳೇ ಧೋತರದ ಗಂಟು ತೆಗೆದ. ಬಿಚ್ಚಿದರೆ ಕಟಕ ರೊಟ್ಟಿ. ಬೆಂಗಳೂರಿಗೆ ಬರುವಾಗ ನಮಗೆ ಅಂತ ಖಾನಾವಳಿಯಲ್ಲಿ ಹೇಳಿ ಮಾಡಿಸಿ ತಂದಿದ್ದ ಜೋಳದ ರೊಟ್ಟಿ. ಇಪ್ಪತ್ತೈದು ತಂದಿದ್ದ. ಎಣಿಸೋಕೆ ಹೋಗಲಿಲ್ಲ, ಗಂಟಿನ ದಪ್ಪ ನೋಡಿದರೇ ತಿಳಿಯಿತು.

"ನಿಮ್ಮ ಮನ್ಯಾಗ ಯಾರೂ ಮುಟ್ಟಲಿಲ್ಲ. ಕೆಡೂದೇನಲ್ಲ, ವಾಪಸ್ ಒಯ್ಯಾಕತ್ತೀನಿ."

ಸಿಟ್ಟಿನಿಂದ ಹೇಳಲಿಲ್ಲ. ಬಸ್ಸಿನ ಟೈಮು ಹೇಳುವ ಹಾಗೆ ಹೇಳಿದ. ಒಂದು ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟ. ಗುರೆಳ್ಳು ಚಟ್ನಿ ಪುಡಿ ಇತ್ತು. ನನ್ನ ಸೌತೆಕಾಯಿ, ನನ್ನ ಮಜ್ಜಿಗೆ ಇತ್ತು. ತಕ್ಕಡಿ ಇಟ್ಟುಕೊಂಡು ಕೂತವನಿಗೆ ಮೂರು ವಾರದಿಂದ ಡೈನಿಂಗ್ ಟೇಬಲ್ಲಿನ ಮೂಲೆಯಲ್ಲೇ ಇದ್ದ ರೊಟ್ಟಿ ಕಂಡಿರಲಿಲ್ಲ.

ಇಲ್ಲಿಗೇ ಪತ್ರ ಮುಗಿಸುವ ಯೋಚನೆ ಇತ್ತು. ರೊಟ್ಟಿ ಹೊಗಳಿ, ನಿನ್ನ ಓಟ್ಸಿಗೆ ಬೈದು. ಆದರೆ ಆ ಮರದ ಕೆಳಗೆ ಇನ್ನೊಂದು ಆಯಿತು.

ಎಳ್ಳಮಾಸಿ ಹಬ್ಬಕ್ಕೆ ನಿಮ್ಮ ಹೊಲಕ್ಕೆ ಹೋಗುತ್ತಿದ್ದೆವಲ್ಲ, ನೆನಪಿದೆಯಾ? ಸಜ್ಜಿ ರೊಟ್ಟಿ, ಎಣಗಾಯಿ, ಎಲ್ಲ ಗಂಟು ಗಂಟು. ಹೊಲಕ್ಕೆ ಎಡೆಯ ಚರಗ ಚೆಲ್ಲಿದ ಮೇಲೆ ಎಲ್ಲರೂ ಸುತ್ತ ಕೂತು ಬುತ್ತಿ ಬಿಚ್ಚಬೇಕು. ಬುತ್ತಿ ಕಟ್ಟೋದೇ ಒಂದು ಕಡೆ ನಿಂತು, ಕೂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಉಣ್ಣೋಕೆ. ನಾನು ಕಟ್ಟಿದ್ದು ಎಲ್ಲೂ ನಿಲ್ಲಬಾರದು ಅಂತ. ಸಕ್ಕರೆ 6.1 ಅನ್ನೋದು ನಿಜ, ಆದರೆ ಅದು ನೆಪವೂ ಹೌದು. ಹೋಟೆಲಿನಲ್ಲಿ ಕೂತರೆ ಅಪ್ಪ ಎದುರಿಗೆ ಇರುತ್ತಾನೆ. ದೋಸೆ ಬರೋಕೆ ಕಾಲು ಗಂಟೆ. ಆ ಕಾಲು ಗಂಟೆ ಏನು ಮಾತಾಡಲಿ? ಕಾರಿನಲ್ಲಾದರೆ ರಸ್ತೆ ನೋಡಬಹುದು. ಅವ್ವ ಹೋದ ಮೇಲೆ ನಾವಿಬ್ಬರೇ ಎದುರುಬದುರು ಕೂತು ಉಂಡದ್ದು ನನಗೆ ನೆನಪಿಲ್ಲ. ಎರಡು ವರ್ಷ ಆಯಿತು.

ಮಾತಾಡೋದು ಇರಲಿಲ್ಲ ಅಂತಲ್ಲ. ಇತ್ತು, ಒಂದೇ ಒಂದು ಇತ್ತು. ಧಾರವಾಡದ ಮನೆ ನೋಡೋಕೆ ಮುಂದಿನ ತಿಂಗಳು ಒಬ್ಬರು ಬರುತ್ತಾರೆ. ನಾನೇ ಬರಹೇಳಿದ್ದೇನೆ. ಅಪ್ಪನಿಗೆ ಹೇಳಿಲ್ಲ. ದಾರಿಯಲ್ಲಿ ಹೇಳೋಣ ಅಂದುಕೊಂಡಿದ್ದೆ. ತುಮಕೂರಿನಲ್ಲಿ ಚಿತ್ರದುರ್ಗ ಬರಲಿ ಅಂದುಕೊಂಡೆ, ಚಿತ್ರದುರ್ಗದಲ್ಲಿ ಅವನು ಗಿರಣಿ ಎಣಿಸುತ್ತಿದ್ದ.

ರೊಟ್ಟಿ ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತಾ ಅವನೇ ಕೇಳಿದ. "ಏನರ ಹೇಳೂದೈತೇನು?"

"ಏನಿಲ್ಲಪ್ಪಾ. ಮಜ್ಜಿಗಿ ಬೇಕೇನು ಅಂತ."

ಫ್ಲಾಸ್ಕು ಖಾಲಿಯಾಗಿತ್ತು. ಇಬ್ಬರಿಗೂ ಗೊತ್ತಿತ್ತು.

ಇದನ್ನೆಲ್ಲ ಯಾಕೆ ಬರೆದೆನೋ. ಅಳಿಸೋಣ ಅನ್ನಿಸುತ್ತಿದೆ, ಆದರೆ ಫೋನಿನಲ್ಲಿ ಟೈಪ್ ಮಾಡಿ ಹೆಬ್ಬೆರಳು ನೋಯುತ್ತಿದೆ. ಅಪ್ಪ ಇಲ್ಲೆಲ್ಲ ಬರಲ್ಲ. ಆದರೆ ಕಾಕಾ ಬರುತ್ತಾರೆ. ಕಾಕಾ, ನೀವು ಇಲ್ಲಿವರೆಗೂ ಓದಿದ್ದರೆ ದಯವಿಟ್ಟು ಸುಮ್ಮನಿರಿ, ನಾನೇ ಹೇಳುತ್ತೇನೆ. ನಿಮ್ಮ ದಿನದ ಗುಲಾಬಿ ಹೂವಿನ ಶುಭೋದಯಕ್ಕೆ ಇನ್ನು ಮೇಲೆ ತಪ್ಪದೆ ಲೈಕ್ ಒತ್ತುತ್ತೇನೆ.

ಇನ್ನೊಂದು ಒಪ್ಪಿಕೊಳ್ಳಬೇಕು. ವಾಪಸ್ ಬರುವಾಗ ಒಬ್ಬನೇ ಇದ್ದೆ. ಡಬ್ಬಿಯಲ್ಲಿ ಎರಡು ಮೊಟ್ಟೆ ಉಳಿದಿದ್ದವು, ನಿನ್ನೆಯವು, ಎಸೆದೆ. ದಾವಣಗೆರೆಯಲ್ಲಿ ಹೆದ್ದಾರಿ ಬಿಟ್ಟು ಊರೊಳಗೆ ಇಳಿದೆ. ಬೆಣ್ಣೆ ದೋಸೆ ಎರಡು. ಮೇಲೆ ಬೆಣ್ಣೆ ಬೇರೆ ಹಾಕಿಸಿಕೊಂಡೆ. ದೋಸೆ ಬರೋಕೆ ಸರಿಯಾಗಿ ಕಾಲು ಗಂಟೆಯೇ ಹಿಡಿಯಿತು, ಎದುರಿನ ಕುರ್ಚಿ ಖಾಲಿ ಇತ್ತು. ಸರಿ, ಮತ್ತೆ ಆ ಮಾತಿನ ಕಡೆ ಹೋಗೋದು ಬೇಡ.

ಹೆಸರುಕಾಳಿನ ವಾಸನೆ ಕಾರಿನಿಂದ ಇನ್ನೂ ಹೋಗಿಲ್ಲ. ತೊಳೆಯುವ ಹುಡುಗ "ಅಣ್ಣಾ, ಒಳಗೆ ಇಲಿ ಸತ್ತಿದೆಯಾ?" ಅಂತ ಸೀಟು ಎತ್ತಿ ಹುಡುಕಿದ. ಆರೋಗ್ಯದ ವಾಸನೆ ಕಣಪ್ಪಾ ಎಂದೆ. ಐವತ್ತು ರೂಪಾಯಿ ಜಾಸ್ತಿ ಕೇಳಿದ.

ಮುಂದಿನ ತಿಂಗಳು ಮತ್ತೆ ಹೋಗುತ್ತೇನೆ. ನೀನೂ ಬಾ. ಹಿಂದಿನ ಸೀಟಿನಲ್ಲಿ ಕೂತಿರು ಸಾಕು, ನೀನಿದ್ದರೆ ಅಪ್ಪ ಜಾಸ್ತಿ ಮಾತಾಡುತ್ತಾನೆ. ಕಂಬಳಿ ಮಾತ್ರ ತರಬೇಡ, ಹಾವೇರಿಯವರು ಇನ್ನೂ ಮರೆತಿಲ್ಲ.

ನಿನ್ನ,
ಅದೇ ಹೆಸರಿನವನು (ಇಲ್ಲಿ ಬರೆಯಲ್ಲ, ಕಾಕಾ ಇದ್ದಾರೆ)